ಕೆಲಸವಿಲ್ಲದ ಹೊಲ

ಅಭಿಪ್ರಾಯ ಕೇಳಿದ್ದೇ ತಪ್ಪಾಯಿತು. ತನ್ನ ಪಾಡಿಗೆ ತಾನು ಕೂತಿದ್ದರೆ ಆ ದಿನವೂ ಉಳಿದ ದಿನಗಳ ಹಾಗೆ ಸದ್ದಿಲ್ಲದೆ ಕಳೆದುಹೋಗುತ್ತಿತ್ತು. ಆದರೆ ಬೆಳಿಗ್ಗೆ ಕಾಫಿ ಹೀರುತ್ತಾ ನಿಂತಿದ್ದ ಸಹೋದ್ಯೋಗಿಗಳ ಕಡೆ ತಿರುಗಿ, "ಹಳೇ ಆಟಗಳಲ್ಲಿ ನಿಮಗೆ ಯಾವುದು ಬೇಜಾರು ಅಂತ ಒಂಚೂರು ಹೇಳ್ತೀರಾ?" ಎಂದು ಬಾಯಿಬಿಟ್ಟ.

ಆಫೀಸಿನಲ್ಲಿ ಅವನನ್ನು ಎಲ್ಲರೂ ಕರೆಯುವುದು ರೈತ ಎಂದು. ಮಣ್ಣು ಮುಟ್ಟಿದವನೇನಲ್ಲ. ಬಾಲ್ಕನಿಯಲ್ಲಿ ಅವನು ನೆಟ್ಟ ಗಿಡಗಳು ಒಂದೊಂದಾಗಿ ಪ್ರಾಣ ಬಿಟ್ಟು, ಈಗ ಆ ಕುಂಡಗಳಲ್ಲಿ ಹೆಂಡತಿ ಬಟ್ಟೆಯ ಕ್ಲಿಪ್ಪು ಹಾಕಿಡುತ್ತಾಳೆ. ಕಂಪ್ಯೂಟರಿನಲ್ಲಿ ಮಾತ್ರ ಅವನು ಭಾರೀ ಕೃಷಿಕ. ಅವನ ಕಂಪನಿ ಮಾಡುವುದು ಬೇಸಾಯದ ಆಟಗಳನ್ನು. ಬಿತ್ತು, ನೀರು ಹಾಕು, ಕೊಯ್ಯಿ, ಮಾರು, ಮತ್ತೆ ಬಿತ್ತು. ಈ ಆಟಗಳು ಒಂದರ ಹೊಟ್ಟೆಯಲ್ಲಿ ಇನ್ನೊಂದು ಹುಟ್ಟುತ್ತವೆ. ಒಂದರಲ್ಲಿ ಬೇಸಿಗೆ ಚಳಿಗಾಲ ಬಂದರೆ, ಮುಂದಿನದು ಅದನ್ನು ಹಾಗೇ ಎತ್ತಿಕೊಂಡು ಮೀನು ಹಿಡಿಯುವುದನ್ನು ಸೇರಿಸುತ್ತದೆ. ಅದರ ನಂತರದ್ದು ಮೀನನ್ನೂ ಎತ್ತಿಕೊಂಡು, ಪಕ್ಕದ ಮನೆಯವಳ ಜೊತೆ ಮದುವೆಯನ್ನೂ ಮಾಡಿಸುತ್ತದೆ. ರೈತನೂ ಹಿಂದಿನವರಿಂದ ಧಾರಾಳವಾಗಿ ಎತ್ತಿಕೊಂಡಿದ್ದ. ತಾವು ಎತ್ತಿಕೊಂಡರೆ ಆ ಕಸುಬಿನವರು ಅದಕ್ಕೆ ಸ್ಫೂರ್ತಿ ಎನ್ನುತ್ತಾರೆ, ಬೇರೆಯವರು ಎತ್ತಿಕೊಂಡರೆ ಕಳ್ಳತನ ಎನ್ನುತ್ತಾರೆ.

ಅಂದು ಸಂಜೆ ರೈತನ ಹೊಸ ಆಟವನ್ನು ಕಂಪನಿಯ ಯಜಮಾನರ ತಾಯಿ ನೋಡುವವರಿದ್ದರು. ನಿವೃತ್ತ ಗಣಿತದ ಟೀಚರು. ಬೇಸಾಯದ ಆಟಗಳು ಬಂದ ಕಾಲದಿಂದ ಒಂದನ್ನೂ ಬಿಡದೆ ಆಡಿದವರು. ಅವರು ಹೂಂ ಎಂದರೆ ಮಗನೂ ಹೂಂ. ಮಗ ಹೂಂ ಎಂದರೆ ರೈತ ವಿನ್ಯಾಸ ವಿಭಾಗದ ಮುಖ್ಯಸ್ಥ. ಮುಖ್ಯಸ್ಥನಿಗೆ ಬಾಗಿಲೂ ಕಿಟಕಿಯೂ ಇರುವ ಸ್ವಂತ ಕೋಣೆ. ಸದ್ಯಕ್ಕೆ ಅವನು ಕೂರುವುದು ಶೌಚಾಲಯದ ಬಾಗಿಲ ಪಕ್ಕ. ಒಳಗಿಂದ ಬಂದವರೆಲ್ಲ ಒದ್ದೆ ಕೈಯನ್ನು ಅವನ ಕುರ್ಚಿಯ ಬೆನ್ನಿಗೆ ಒರೆಸಿ, "ಹೇಗಿದೆ ಬೆಳೆ?" ಎಂದು ವಿಚಾರಿಸಿಕೊಂಡು ಹೋಗುತ್ತಾರೆ. ಇತ್ತ ಹೆಂಡತಿ ಆಗಲೇ ತವರಿಗೆ ಫೋನ್ ಮಾಡಿ, "ನಮ್ಮನೆಯವರಿಗೆ ರೂಮು ಬಂತು" ಎಂದು ಹೇಳಿಯೂ ಆಗಿತ್ತು.

ಮೊದಲು ಬಾಯಿ ತೆರೆದದ್ದು ಲೆಕ್ಕಪತ್ರ ನೋಡುವ ಅಕ್ಕ. "ನೀರು ಹಾಕೋದು ಕಣಪ್ಪಾ! ಮೊದಲನೇ ಆಟದಲ್ಲಿ ಒಂದೊಂದೇ ಗಿಡಕ್ಕೆ ನೀರು ಹಾಕಿ ನನ್ನ ಹೆಬ್ಬೆರಳು ಊದಿಹೋಗಿತ್ತು. ಆಮೇಲಿನವರು ದೊಡ್ಡ ಡಬ್ಬ ಕೊಟ್ರು, ಅದಾದ ಮೇಲೆ ಬಂದವರು ಪೈಪು ಕೊಟ್ರು. ನೀನೇನು ಕೊಡ್ತೀಯ?"

"ನಾನು ಮಳೆನೇ ಕೊಡ್ತೀನಿ ಅಕ್ಕ," ಎಂದ ರೈತ, ಪೌರುಷದಿಂದ. ಹಿಂದಿನವರಿಗಿಂತ ಒಂದು ಮೆಟ್ಟಿಲು ಮೇಲೆ ಹೋಗಬೇಕು ಎಂಬುದು ಯಜಮಾನರು ಎಲ್ಲರ ತಲೆಗೆ ತುಂಬಿದ್ದ ಪಾಠ. ಅರ್ಧ ಗಂಟೆಯಲ್ಲಿ ಹೊಲದ ಮೇಲೆ ತಾನಾಗಿ ಮಳೆ ಸುರಿಯಿತು. ಹೊಲದ ಮೇಲಷ್ಟೇ ಅಲ್ಲ, ಮನೆಯೊಳಗೂ ಸುರಿದು ಹಾಸಿಗೆ ತೇಲಿಹೋಯಿತು. ಅದನ್ನು ಸರಿಮಾಡುವಷ್ಟರಲ್ಲಿ ತಪ್ಪು ಹುಡುಕುವ ಕೆಲಸದ ಹುಳುಕಪ್ಪ ಬೆನ್ನ ಹಿಂದೆ ಬಂದು ನಿಂತಿದ್ದ.

"ಕಳೆ ಯಾಕಯ್ಯಾ ಇಟ್ಟಿದೀಯ? ಮನೇಲಿ ಹೆಂಡ್ತಿ ಹೇಳಿದ್ರೂ ಬಗ್ಗದ ಸೊಂಟ, ಆಟದಲ್ಲಿ ಯಾಕೆ ಬಗ್ಗಬೇಕು?"

ನ್ಯಾಯವಾದ ಮಾತು ಅನ್ನಿಸಿತು. ರೈತ ಕಳೆಯನ್ನೆಲ್ಲ ಅಳಿಸಿಹಾಕಿದ. ಆಗ ಚಿತ್ರ ಬಿಡಿಸುವ ಹುಡುಗಿ ಕುರ್ಚಿ ಎಳೆದುಕೊಂಡು ಬಂದಳು. "ಬೆಳೆ ಒಣಗೋದು ಬೇಡ ಸರ್. ನಾನು ತಂಗಿ ಮದುವೆಗೆ ಹೋಗಿ ಬರೋದ್ರೊಳಗೆ ಹಳೇ ಆಟದಲ್ಲಿ ನನ್ನ ಕುಂಬಳಕಾಯೆಲ್ಲ ಒಣಗಿಹೋಗಿತ್ತು. ಮದುವೆಲಿ ಅಳದೋಳು ಅವತ್ತು ಅತ್ತುಬಿಟ್ಟೆ."

ರೈತನ ಕರುಳು ಚುರುಕ್ ಎಂದಿತು. ಒಣಗುವುದನ್ನು ನಿಲ್ಲಿಸಿದ. ಒಣಗುವುದು ನಿಂತಿತು, ಆದರೆ ಬೆಳೆಯುವುದು ನಿಲ್ಲಲಿಲ್ಲ. ಕುಂಬಳಕಾಯಿ ಬೆಳೆಯುತ್ತಲೇ ಹೋಗಿ ಮನೆಯಷ್ಟಾಯಿತು, ಬೇಲಿ ದಾಟಿತು, ಮದುವೆಯಾಗಬೇಕಿದ್ದ ಪಕ್ಕದ ಮನೆಯವಳನ್ನು ಗೋಡೆಗೆ ಒತ್ತಿ ನಿಲ್ಲಿಸಿತು. ಅವಳು ಅಲ್ಲಿಂದಲೇ ನಗುತ್ತಾ, "ಇವತ್ತು ಹವೆ ಚೆನ್ನಾಗಿದೆ" ಎಂದಳು. ಅವಳಿಗೆ ಬರುತ್ತಿದ್ದ ಮಾತೇ ಅದೊಂದು.

ಅಷ್ಟು ಹೊತ್ತಿಗೆ ಸುದ್ದಿ ಹಬ್ಬಿ, ಮೇಲಿನ ಮಹಡಿಯ ವಿಮಾ ಕಚೇರಿಯವರೂ ಇಳಿದು ಬಂದು ಸುತ್ತ ನಿಂತಿದ್ದರು. ಕಾಯಿ ತಾನಾಗಿ ಕೊಯ್ದುಕೊಳ್ಳಲಿ ಎಂದರು ಒಬ್ಬರು. ಕೊಯ್ದದ್ದು ತಾನಾಗಿ ಗಾಡಿ ಹತ್ತಲಿ ಎಂದರು ಇನ್ನೊಬ್ಬರು. ಗಾಡಿ ತಾನಾಗಿ ಸಂತೆಗೆ ಹೊರಟು ಗೇಟಿಗೆ ಡಿಕ್ಕಿ ಹೊಡೆದು ಮಗುಚಿತು. ರೈತ ಬೆವರು ಒರೆಸಿಕೊಂಡು ಗೇಟೂ ತಾನಾಗಿ ತೆರೆಯುವ ಹಾಗೆ ಮಾಡಿದ. ಊಟದ ಡಬ್ಬಿ ಮುಚ್ಚಿದ್ದು ಮುಚ್ಚಿದಂತೆಯೇ ಉಳಿಯಿತು.

ಸಂಜೆ ಟೀಚರಮ್ಮ ಬಂದು, ಕನ್ನಡಕ ಏರಿಸಿ, ರೈತನ ಕುರ್ಚಿಯಲ್ಲೇ ಕೂತರು. ಹಿಂದೆ ಯಜಮಾನರು ಕೈಕಟ್ಟಿ ನಿಂತರು. ಆಟ ಶುರುವಾಯಿತು. ಮಳೆ ಬಂತು, ಬೆಳೆ ಬಂತು, ಕೊಯ್ಲಾಯಿತು, ಗಾಡಿ ಹೋಯಿತು, ಮತ್ತೆ ಮಳೆ ಬಂತು. ಟೀಚರಮ್ಮ ಗುಂಡಿಯ ಮೇಲೆ ಬೆರಳಿಟ್ಟುಕೊಂಡು ಕಾದೇ ಕಾದರು.

"ನಾನೇನು ಮಾಡ್ಲಪ್ಪ?"

"ಏನೂ ಬೇಡಮ್ಮ. ನೀವು ಆರಾಮಾಗಿ ನೋಡ್ತಿದ್ರೆ ಸಾಕು."

"ನೋಡೋಕೆ ಮನೇಲಿ ಟಿವಿ ಇದೆಯಲ್ಲೋ!"

ಯಜಮಾನರ ಹುಬ್ಬು ಗಂಟಾಯಿತು. ಅಕ್ಕ ಚಾವಣಿ ನೋಡತೊಡಗಿದಳು, ಹುಳುಕಪ್ಪ "ನಾನಾಗ್ಲೇ ಅಂದೆ" ಎಂದು ಪಕ್ಕದವರ ಕಿವಿಯಲ್ಲಿ ಉಸುರಿದ. ರೈತನ ಕೈಗೆ ಬಂದ ಕೋಣೆ ಕಣ್ಣೆದುರೇ ಹಾರಿಹೋಗುತ್ತಿತ್ತು.

ಅಷ್ಟರಲ್ಲಿ ಪರದೆಯ ಮೂಲೆಯಿಂದ ಒಂದು ಕರು ಮೆಲ್ಲಗೆ ಬಂದು, ಗೇಟಿನ ಬಳಿ ನಿಂತು, ಅತ್ತಿತ್ತ ನೋಡಿ ಹೊರಗೆ ಓಡಿತು. ಗೇಟಿಗೆ ತೆರೆದುಕೋ ಎಂದು ಕಲಿಸಿದ್ದ ರೈತ, ಮುಚ್ಚಿಕೋ ಎಂದು ಕಲಿಸುವುದನ್ನು ಮರೆತಿದ್ದ.

"ಅಯ್ಯೋ, ಕರು ಹೋಯ್ತು!" ಟೀಚರಮ್ಮ ಕುರ್ಚಿಯ ತುದಿಗೆ ಬಂದರು. ಕೆರೆ ಏರಿ ಸುತ್ತಿ, ಪಕ್ಕದ ಮನೆಯ ಹೂವಿನ ಪಾತಿ ತುಳಿದು, ಕೊನೆಗೂ ಕರುವನ್ನು ಹಿಡಿದು ತಂದು ಗೇಟು ಹಾಕಿದರು. ಉಸಿರು ಬಿಡುವಷ್ಟರಲ್ಲಿ ಗಾಡಿ ಬಂತು, ಗೇಟು ತೆರೆಯಿತು, ಕರು ಮತ್ತೆ ಪರಾರಿ. "ಬಾ, ನಿನಗಿದೆ ಇವತ್ತು!" ಎಂದು ಟೀಚರಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿದರು. "ಎಡಕ್ಕೆ, ಎಡಕ್ಕೆ!" ಎಂದು ಅಕ್ಕ ಕಿರುಚಿದಳು. ವಿಮಾ ಕಚೇರಿಯವರು ಶಿಳ್ಳೆ ಹೊಡೆದರು. ತಂದಿಟ್ಟ ಕಾಫಿ ಆರಿ ತಣ್ಣಗಾದರೂ ಯಾರೂ ಅದರ ಕಡೆ ನೋಡಲಿಲ್ಲ.

ಯಜಮಾನರು ರೈತನನ್ನು ಪಕ್ಕಕ್ಕೆ ಕರೆದು, "ಈ ಕರುವಿನ ಓಟ ಯಾವ ಹಳೇ ಆಟದಿಂದ ಎತ್ತಿದ್ದಯ್ಯಾ?" ಎಂದರು.

"ಇದು... ಸ್ವಂತದ್ದು ಸರ್." ಅವನ ವೃತ್ತಿಜೀವನದಲ್ಲಿ ಈ ಮಾತು ನಿಜವಾದದ್ದು ಅದೇ ಮೊದಲು. ಇಡೀ ಆಟದಲ್ಲಿ ಅವನು ಯಾರಿಂದಲೂ ತೆಗೆದುಕೊಳ್ಳದೆ ಮಾಡಿದ್ದು ಗೇಟಿನ ಆ ತಪ್ಪೊಂದನ್ನೇ.

"ಭೇಷ್! ಆಟ ಪಾಸು!" ಎಂದು ಯಜಮಾನರು ಅವನ ಬೆನ್ನು ತಟ್ಟಿದರು. ರೈತ ಮನಸ್ಸಿನಲ್ಲೇ ಕಿಟಕಿಗೆ ಪರದೆ ಕಟ್ಟಿಬಿಟ್ಟ.

ಆಟ ನಿಲ್ಲಿಸಿದ ಟೀಚರಮ್ಮ ಮಗನ ಕಡೆ ತಿರುಗಿದರು. "ಕರು ಒಂದು ಬಿಟ್ಟು ಉಳಿದಿದ್ದೆಲ್ಲ ದಂಡ ಕಣೋ. ಕೆಲಸ ಇಲ್ಲದ ಹೊಲ ಯಾರಿಗೆ ಬೇಕು? ನಾನಿಲ್ಲಿ ಇದ್ದಿದ್ರೆ ಇವನಿಗೆ ಹೀಗೆ ಕೆಡಿಸೋಕೆ ಬಿಡ್ತಿರಲಿಲ್ಲ."

ಯಜಮಾನರ ಮುಖ ಅರಳಿತು. ಮನೆಯಲ್ಲಿ ಕೂತು ದಿನಕ್ಕೆ ಹತ್ತು ಸಲ ಫೋನ್ ಮಾಡುವ ತಾಯಿಗೆ ಒಂದು ಕೆಲಸ ಸಿಕ್ಕಿತ್ತು. "ಹಾಗಾದ್ರೆ ನಾಳೆಯಿಂದ ನೀವೇ ಬನ್ನಿ ಅಮ್ಮ. ಮುಖ್ಯಸ್ಥರು ನೀವೇ. ರೂಮೂ ರೆಡಿ ಇದೆ!"

ಎಲ್ಲರೂ ಚಪ್ಪಾಳೆ ತಟ್ಟಿದರು. ರೈತನೂ ತಟ್ಟಿದ. ತಟ್ಟದೆ ಇನ್ನೇನು ಮಾಡಿಯಾನು?

ಟೀಚರಮ್ಮ ಆಗಲೇ ಹೋಗಿ ಕೋಣೆಯ ಕಿಟಕಿ ತೆಗೆದು ನೋಡಿ, ಹಿಂದೆಯೇ ಬಂದು ಬಾಗಿಲಲ್ಲಿ ನಿಂತಿದ್ದ ರೈತನನ್ನು ಒಳಗೆ ಕರೆದರು. "ಅಳಿಸಿದ ಕಳೆಯೆಲ್ಲ ವಾಪಸ್ ಬರಲಿ. ತಾನಾಗಿ ಬರೋ ಹಾಗೆ ಮಾಡಬೇಡ, ಒಂದೊಂದೇ ಕೈಯಾರೆ ನೆಡು. ಆ ಗೇಟಿನ ತಂಟೆಗೆ ಮಾತ್ರ ಹೋಗಬೇಡ. ಅದೊಂದನ್ನ ಯಾರೋ ತಲೆ ಇರೋರು ಮಾಡಿದಾರೆ."

ರೈತನಿಗೆ ತಡೆಯಲಾಗಲಿಲ್ಲ. "ಅದನ್ನೂ ನಾನೇ ಮಾಡಿದ್ದು ಅಮ್ಮ."

ಟೀಚರಮ್ಮ ಕನ್ನಡಕದ ಮೇಲಿಂದ ಅವನನ್ನು ನೋಡಿದರು.

"ಕಾಪಿ ಹೊಡೆಯೋರನ್ನ ಜೀವಮಾನವಿಡೀ ನೋಡಿದೀನಪ್ಪ. ಯಾವುದು ಸ್ವಂತದ್ದು, ಯಾವುದು ಪಕ್ಕದವನದ್ದು ಅಂತ ಮುಖ ನೋಡಿದ್ರೇ ನಂಗೆ ಗೊತ್ತಾಗುತ್ತೆ. ಹೋಗು, ಕಳೆ ನೆಡು."

ರೈತ ತನ್ನ ಜಾಗಕ್ಕೆ ಬಂದು ಕೂತು, ಮೊದಲನೆಯ ಕಳೆಯನ್ನು ನೆಟ್ಟ.