ಸೊನ್ನೆ ನೋಡಲು ಹೋದ ಮಾವ

ನಮ್ಮ ಸೋದರಮಾವನಂಥ ಸತ್ಯವಂತರು ತಾಂಡೂರಿನಲ್ಲಿ ಇನ್ನೊಬ್ಬರಿರಲಿಲ್ಲ. ಇದ್ದಿದ್ದರೆ ಊರು ತಡೆದುಕೊಳ್ಳುತ್ತಿರಲಿಲ್ಲ!

ರಾಜ್ಯಗಳನ್ನು ಹೊಸದಾಗಿ ಹಂಚಿದಾಗ ನಮ್ಮೂರು ಆಂಧ್ರಕ್ಕೆ ಬಿತ್ತು, ಕಾಗಿಣಾ ಹೊಳೆಯ ಕೆಳಗಿನ ಊರುಗಳು ಮೈಸೂರಿಗೆ. ನೀರು ಎಷ್ಟು ಆಚೆ ಹೋಯಿತೆಂದು ತಿಳಿಯಲು ಹೊಳೆಯಲ್ಲಿ ಗೆರೆ ಎಳೆದ ಕಂಬವೊಂದನ್ನು ನೆಟ್ಟರು. ಅದನ್ನು ನೋಡಿ ಬರೆಯುವುದೇ ಮಾವನ ನೌಕರಿ. ಬೆಳಿಗ್ಗೆ ಎಂಟು, ಮಧ್ಯಾಹ್ನ ಒಂದು, ಸಂಜೆ ಆರು.

ಮನೆಗೆ ಬಂದರೂ ನೌಕರಿ ಬಿಡಬೇಕಲ್ಲ? ಅತ್ತೆ ಸಾರು ಕುದಿಸಿದರೆ ಪಾತ್ರೆಯಲ್ಲಿ ಸೌಟು ನಿಲ್ಲಿಸಿ ನೋಡುವರು. "ಆಗ ನಾಕು ಬೆರಳಿತ್ತು, ಈಗ ಐದು ಅದ. ಮನಿಗಿ ಯಾರರೆ ಬಂದಾರೇನು?"

ಬಂದಿದ್ದವರು ನಾವೇ!

ಒಮ್ಮೆ ಚಹಾದಂಗಡಿಯಲ್ಲಿ ನಮ್ಮೂರ ಗೌಡರು, "ಎರಡು ಗೆರಿ ಜಾಸ್ತಿ ಬರೀರಿ. ನಾವು ಭಾಳ ನೀರು ಬಿಟ್ಟೀವಿ ಅಂತ ಹೇಳಾಕ ಬರ್ತದ" ಎಂದು ಚಹಾ ಹೇಳಿದರು. ಪಕ್ಕದಲ್ಲಿದ್ದ ಕೆಳಗಿನ ಊರಿನವರು, "ಎರಡು ಕಡಿಮಿ ಬರೀರಿ" ಎಂದು ಇನ್ನೊಂದು ಚಹಾ ಹೇಳಿದರು. ಮಾವ ಎರಡನ್ನೂ ಕುಡಿದು, "ಎರಡು ಕೂಡಿಸಿ ಎರಡು ಕಳದೆ. ಹೊಳಿ ಎಷ್ಟಿತ್ತೋ ಅಷ್ಟೇ ಆತು ನೋಡ್ರಿ" ಎಂದು ಎದ್ದುಬಿಟ್ಟರು!

ಇಂಥವರ ಒಬ್ಬಳೇ ಮಗಳಿಗೆ ಆ ಕೆಳಗಿನ ಊರಿನಿಂದಲೇ ಗಂಡು ಬಂತು. ಬೇಸಿಗೆಯ ಮದುವೆ. ಮಧ್ಯಾಹ್ನ ಒಂದು ಗಂಟೆ ಹತ್ತು ನಿಮಿಷಕ್ಕೆ ಅಕ್ಕಿಕಾಳಿನ ಮುಹೂರ್ತ. ಹಂದರದ ತುಂಬ ಜನ, ಮಾವ ಮಾತ್ರ ಇಲ್ಲ!

ಗಂಡಿನ ತಂದೆ ಕಿಡಿಯಾದರು. "ಹೊಳಿ ಒಣಗಿ ಬರೇ ಮರಳು ಉಳದದ. ಸೊನ್ನಿ ಬರ್ಯಾಕ ಅಲ್ಲೀತನ ಹೋಗಬೇಕೇನ್ರಿ?"

"ನೋಡದೇ ಬರದ್ರ ಅದು ಸುಳ್ಳು ಸೊನ್ನಿ ಅಂತಾರ್ರಿ" ಎಂದರು ಅತ್ತೆ, ಅಳುಮೋರೆ ಮಾಡಿಕೊಂಡು.

"ಹಂಗಾದ್ರ ನಾವೂ ಗಾಡಿ ಹೂಡ್ತೀವಿ!"

ಬಾಸಿಂಗ ಕಟ್ಟಿಕೊಂಡ ಹುಡುಗಿ ತಾಯಿಯ ಸೆರಗು ಹಿಡಿದುಕೊಂಡಳು. ಮಾವನನ್ನು ಎಳೆದು ತರುತ್ತೇನೆಂದು ಬೀಗರೇ ಹೊಳೆಗೆ ಹೊರಟರು. ದಾರಿ ತೋರಿಸಲು ನಾನೂ ಹಿಂದೆ ನಡೆದೆ.

ಕಂಬದ ಬುಡದಲ್ಲಿ ಮಾವ ನಿಂತಿದ್ದರು. ಪುಸ್ತಕ ಕಂಕುಳಲ್ಲಿತ್ತು. ಶಲ್ಯದಿಂದ ಮುಖ ಮುಚ್ಚಿಕೊಂಡು ಹೆಗಲು ಕುಲುಕುವಂತೆ ಅಳುತ್ತಿದ್ದರು. ಮದುವೆಮನೆಯಲ್ಲಿ ಅಳುವುದಕ್ಕೆ ಒಂದು ಮೂಲೆಯೂ ಸಿಕ್ಕಿರಲಿಲ್ಲವೇನೋ.

ಬೈಯಲು ಬಂದ ಬೀಗರು ನನ್ನನ್ನು ಕೈಯಲ್ಲೇ ತಡೆದರು. ಸ್ವಲ್ಪ ಹೊತ್ತು ಬಿಟ್ಟು, ಕೆಮ್ಮಿ, ಹತ್ತಿರ ಹೋದರು.

"ಬರಕೊಂಡ್ರೇನ್ರಿ ಬೀಗರ?"

"ಇನ್ನ ಇಲ್ರಿ..."

"ಸಾವಕಾಶ ಬರಕೋರಿ. ಮಳಿಗಾಲದಾಗ ಇದೇ ಹೊಳಿ ನಮ್ಮ ಬಾಗಲಿಗೇ ಬರ್ತದ. ನಿಮ್ಮ ಮಗಳು ದೂರೇನ ಹೋಗಂಗಿಲ್ರಿ" ಎಂದು ಹೊಸ ಧೋತರದಲ್ಲೇ ಮರಳ ಮೇಲೆ ಕುಳಿತರು.

ಅಕ್ಕಿಕಾಳು ಬಿದ್ದಾಗ ಒಂದೂವರೆ ದಾಟಿತ್ತು. "ಕಂಬ ಹ್ಯಾಂಗ ನೋಡ್ತಾರ ಅಂತ ನಾನೇ ಕೇಳ್ಕೋಂತ ಕುಂತೆ, ತಡ ಆತು" ಎಂದು ಬೀಗರು ಹಂದರದ ತುಂಬ ಹೇಳಿಕೊಂಡು ತಿರುಗಿದರು.