ಕಾಗೆ ಮುಟ್ಟದ ಎಡೆ

ದಿನ ಬೆಳಗಾದರೆ ಕಸದ ಡಬ್ಬಿ ಕೆದಕಿ ಐರ್ಲೆಂಡಿನ ಲೀಕ್ಸ್‌ಲಿಪ್ ಊರಿನವರ ಪ್ರಾಣ ತಿನ್ನುವ ಕಾಗೆಗಳು, ಚಾಮರಾಜನಿಗೆ ಬೇಕಾದ ದಿನವೇ ನಾಪತ್ತೆಯಾದವು. ಎಷ್ಟು ಸೊಕ್ಕು ನೋಡಿ!

ಅಂದು ಹೆಂಡತಿ ಮಧುಶ್ರೀಯ ವರ್ಷದ ತಿಥಿ. ಹಿತ್ತಲಿನ ಶೆಡ್ಡಿನ ಮೇಲೆ ಬಾಳೆ ಎಲೆಯಲ್ಲಿ ಅನ್ನ, ವಡೆ, ಪಾಯಸ ಇಟ್ಟು ಅವನು ಎಂಟು ಗಂಟೆಯಿಂದ ಕಾಯುತ್ತಿದ್ದ. ಕಾಗೆ ಮುಟ್ಟದೆ ತಾನು ತುತ್ತು ಮುಟ್ಟುವಂತಿಲ್ಲ, ಮನೆ ಬಿಡುವಂತಿಲ್ಲ. ಬಿಡಲೇಬೇಕಿತ್ತು. ಮೂರಕ್ಕೆ ಡಬ್ಲಿನ್ ಬಂದರಿನಿಂದ ಉತ್ತರ ಧ್ರುವದ ಕಡೆಗೆ ಹಡಗು. ಹಕ್ಕಿ ಎಂದರೆ ಊಟ ಬಿಟ್ಟು ಓಡುತ್ತಿದ್ದ ಮಧು, ಪಫಿನ್ ಎಂಬ ಕಡಲಹಕ್ಕಿ, ತಿಮಿಂಗಿಲ, ಬಿಳಿ ಕರಡಿ ನೋಡಬೇಕೆಂದು ಇಬ್ಬರಿಗೂ ಟಿಕೆಟ್ ತೆಗೆದಿಟ್ಟು, ಕಾಯಿಲೆ ಬಿದ್ದು ಹೊರಟೇ ಹೋಗಿದ್ದಳು. ಅವಳು ಬರೆದಿಟ್ಟ ಹಕ್ಕಿಗಳನ್ನೆಲ್ಲ ಅವಳ ಪರವಾಗಿ ನೋಡಿ ಬರಬೇಕು ಎಂಬ ಒಂದನ್ನೇ ಹಿಡಿದುಕೊಂಡು ಚಾಮರಾಜ ವರ್ಷ ದೂಡಿದ್ದ.

ಹನ್ನೊಂದಕ್ಕೆ ಪಕ್ಕದ ಮನೆಯ ಲೋಹಿತ್, ಮಂಡ್ಯದಿಂದ ಮೊಮ್ಮಗುವನ್ನು ನೋಡಲು ಬಂದಿದ್ದ ತನ್ನ ತಾಯಿ ಚನ್ನಮ್ಮನನ್ನು ಕರೆತಂದ. ಅವರು ಶೆಡ್ಡಿನತ್ತ ಒಮ್ಮೆ ನೋಡಿ ತೀರ್ಪು ಕೊಟ್ಟೇಬಿಟ್ಟರು.

"ಅವ್ಳಿಗೆ ಏನೋ ಆಸೆ ಉಳ್ಕೊಂಡೈತೆ ಕಣಪ್ಪ. ಮಾತು ಕೊಡು, ಕಾಗೆ ಬತ್ತದೆ."

"ಇನ್ಮೇಲೆ ಸಿಗರೇಟ್ ಮುಟ್ಟಲ್ಲ ಮಧು," ಎಂದ ಚಾಮರಾಜ. ಕಾಗೆಯ ಸುಳಿವಿಲ್ಲ.

"ನಿಮ್ಮಮ್ಮಂಗೆ ದಿನಾ ಫೋನ್ ಮಾಡ್ತೀನಿ." ಸುಳಿವಿಲ್ಲ.

"ಅತ್ತಿಗೆ, ನಿಮ್ ಕುಕ್ಕರ್ ನಮ್ಮನೇಲೇ ಐತೆ, ನಾಳೆನೇ ಕೊಟ್ಬಿಡ್ತೀನಿ," ಎಂದು ಲೋಹಿತನೂ ಹಳೆಯ ಪಾಪ ಒಪ್ಪಿಕೊಂಡ. ಊಹೂಂ.

ಗಂಟೆ ಒಂದಾಯಿತು. ಚಾಮರಾಜನ ಹೊಟ್ಟೆ ಚುರುಗುಟ್ಟುತ್ತಿತ್ತು, ಕಣ್ಣು ತುಂಬಿತ್ತು. "ಎಲ್ಲಾ ಹಕ್ಕಿ ನೋಡ್ಕೊಂಡು ಬರ್ತೀನಿ ಕಣೇ. ಅದೇ ತಾನೇ ನಿನ್ನಾಸೆ?"

ಅದಕ್ಕೂ ಬರಲಿಲ್ಲ. ಚನ್ನಮ್ಮ ಗಲ್ಲದ ಮೇಲೆ ಕೈಯಿಟ್ಟರು. "ನೀನು ಅವ್ಳನ್ನ ಬುಟ್ಟು ಒಬ್ನೇ ಹೋಯ್ತಿರೋದು ಅವ್ಳಿಗೆ ಇಷ್ಟ ಇಲ್ಲ ಅಂತ ಕಾಣ್ತದೆ."

"ಅಯ್ಯೋ, ಅದೊಂದನ್ನ ಮಾತ್ರ ಕೇಳ್ಬೇಡಿ ಅಮ್ಮ!"

ಒಂದೂವರೆಗೆ ಟ್ಯಾಕ್ಸಿಯವನು ಹೊರಗೆ ಎರಡು ಸಲ ಹಾರ್ನ್ ಮಾಡಿದ. ಚಾಮರಾಜ ಹುಲ್ಲಿನ ಮೇಲೆ ಮಂಡಿಯೂರಿದ. "ಆಯ್ತು ಮಧು. ನೀನಿಲ್ದೆ ಹೋಗಲ್ಲ. ದೇವ್ರಾಣೆಗೂ ಹೋಗಲ್ಲ. ಒಂದು ತುತ್ತು ಮುಟ್ಟು."

ಹೇಳಿ ಬಾಯಿ ಮುಚ್ಚಿರಲಿಲ್ಲ, ಎಲ್ಲಿದ್ದವೋ ಏನೋ, ಹತ್ತು ಕಾಗೆಗಳು ದಬದಬನೆ ಇಳಿದು ವಡೆಗಾಗಿ ಕಿತ್ತಾಡಿದವು. ಲೋಹಿತನಿಗೆ ಮೈ ಜುಮ್ಮೆಂದಿತು. ಚಾಮರಾಜ ಬಿಕ್ಕಿ ಬಿಕ್ಕಿ ಅತ್ತು, ಟ್ಯಾಕ್ಸಿಯನ್ನು ವಾಪಸ್ ಕಳಿಸಿದ.

ನಾಲ್ಕಕ್ಕೆ ಹಿಂದಿನ ಮನೆಯ ಮುದುಕ ಶೇಮಸ್ ಬೇಲಿಯ ಮೇಲಿಂದ ಇಣುಕಿ, ಪೂಜೆ ಹೇಗಾಯಿತೆಂದು ಇಂಗ್ಲಿಷಿನಲ್ಲಿ ಕೇಳಿದ.

"ಗ್ರ್ಯಾಂಡ್," ಎಂದ ಚಾಮರಾಜ.

"ನೀನು ಮಂಡಿಯೂರಿದ್ದು ಕಂಡೆ. ದೇವರ ಕೆಲಸದ ಹೊತ್ತಿನಲ್ಲಿ ಪಟಪಟ ಸದ್ದು ಬೇಡ ಅಂತ ಒಂದೂವರೆಗೆ ಇದನ್ನು ಇಳಿಸಿಬಿಟ್ಟೆ," ಎಂದು ಶೇಮಸ್ ಕೈಯೆತ್ತಿ ತೋರಿಸಿದ. ಬಟಾಣಿ ಗಿಡ ಕಾಯಲು ಉದ್ದನೆಯ ಕೋಲಿಗೆ ಕಟ್ಟಿದ್ದ, ಗಾಳಿಗೆ ರೆಕ್ಕೆ ಬಡಿಯುವ ಬಟ್ಟೆಯ ಗಿಡುಗ. "ನಿನ್ನೆ ಸಂಜೆ ಏರಿಸಿದ್ದು. ಒಂದೇ ಒಂದು ಕಾಗೆ ಇತ್ತ ಸುಳಿಯಲಿಲ್ಲ ನೋಡು!"

ಬೆಳಗಿನಿಂದ ಅದು ಬೇಲಿಯಾಚೆ ಎತ್ತರದಲ್ಲಿ ಹಾರಾಡುತ್ತಿದ್ದುದನ್ನು ಚಾಮರಾಜ ಕಂಡಿದ್ದ. ಗರುಡ ಬಂದಿದೆ, ಶುಭವಾಯಿತು ಎಂದು ಮೂರು ಸಲ ಕೈಮುಗಿದೂ ಇದ್ದ.

"ಅದಿರಲಿ, ನೀನ್ಯಾಕೆ ಇನ್ನೂ ಇಲ್ಲೇ ಇದ್ದೀಯ? ಹಡಗು?"

ಚಾಮರಾಜ ಆ ಗಿಡುಗದ ಬಟ್ಟೆಯ ರೆಕ್ಕೆಯನ್ನು ಮುಟ್ಟಿ ನೋಡಿದ.

"ನನಗೆ ಹಕ್ಕಿ ನೋಡೋಕೆ ಬರಲ್ಲ ಶೇಮಸ್," ಎಂದ. "ಅವಳಿಗೆ ಬರ್ತಿತ್ತು."