ಅಂಬರೀಶನ ತಣ್ಣನೆಯ ಪೆಟ್ಟಿಗೆ

ಜಗತ್ತಿನಲ್ಲಿ ಯಾವ ಸಾಧಕನಿಗೂ ಬರಬಾರದ ಕಷ್ಟವೊಂದು ಅಂಬರೀಶನಿಗೆ ಬಂದಿತ್ತು. ಅವನು ಸ್ವಂತ ಕೈಯಿಂದ ಕಟ್ಟಿದ ಕಂಪ್ಯೂಟರು ಎಷ್ಟು ಚೆನ್ನಾಗಿ ಕೆಲಸ ಮಾಡುತ್ತಿತ್ತೆಂದರೆ, ಅದು ಕೆಲಸ ಮಾಡುತ್ತಿದೆ ಎಂದು ಮನೆಯಲ್ಲಿ ಒಬ್ಬರೂ ನಂಬುತ್ತಿರಲಿಲ್ಲ.

ಹಳೆಯದನ್ನು ನಂಬುತ್ತಿದ್ದರು. ಅದು ಶುರುವಾದರೆ ಸಾಕು, ಕೊಟ್ಟಿಗೆಯಲ್ಲಿದ್ದ ಸೀಮೆಹಸುಗಳು ಮೇವು ಕತ್ತರಿಸುವ ಮಿಷನ್ನೇ ಓಡುತ್ತಿದೆಯೆಂದುಕೊಂಡು ಎದ್ದು ನಿಂತು ಬಾಯಿ ಚಪ್ಪರಿಸುತ್ತಿದ್ದವು. (ಉತ್ಪ್ರೇಕ್ಷೆಯಲ್ಲ. ಒಂದು ಹಸು ಹಗ್ಗ ಕಿತ್ತುಕೊಂಡು ಬಾಗಿಲವರೆಗೂ ಬಂದು ವಿಚಾರಿಸಿತ್ತು.) ಬಂಗಾರಪೇಟೆಯಿಂದ ಬೂದಿಕೋಟೆ ಕಡೆ ಹೋಗುವ ದಾರಿಯಲ್ಲಿರುವ ಆ ಮನೆಗೆ ಇದ್ದದ್ದು ಎರಡೇ ಕೋಣೆ. ಫ್ಯಾಕ್ಟರಿಯಲ್ಲಿ ರಾತ್ರಿ ಪಾಳಿ ಮುಗಿಸಿ ಬರುವ ಅಪ್ಪ ಕಾಂತರಾಜ್ ಹಗಲೆಲ್ಲ ಮಲಗುತ್ತಿದ್ದದ್ದು ಕಂಪ್ಯೂಟರಿದ್ದ ಕೋಣೆಯಲ್ಲೇ. ಅವರು ಒಂದು ದಿನ ದಿಂಬಿನಿಂದ ತಲೆಯೆತ್ತಿ, "ಅದನ್ನ ಆರಿಸ್ತೀಯಾ, ಇಲ್ಲ ಬಾವಿಗಾಕ್ಲಾ" ಎಂದಷ್ಟೇ ಕೇಳಿದರು.

ಹೀಗೆ ಹುಟ್ಟಿತು ಮಹಾಸಂಕಲ್ಪ. ಪುಟ್ಟ ಪೆಟ್ಟಿಗೆ. ಸದ್ದಿರಬಾರದು. ಬಿಸಿಯಾಗಬಾರದು. ಆದರೆ ದೊಡ್ಡ ದೊಡ್ಡ ಗೇಮುಗಳು ಅದರಲ್ಲಿ ಕುಣಿಯಬೇಕು.

ಊರಿನವರ ಮದುವೆ ವಿಡಿಯೋಗಳನ್ನು ಎಡಿಟ್ ಮಾಡಿ ದುಡಿದಿದ್ದನ್ನೆಲ್ಲ ಸುರಿದು ಅಂಬರೀಶ ಒಂದೊಂದೇ ಭಾಗ ತರಿಸಿದ. ಪೆಟ್ಟಿಗೆ ಇಡ್ಲಿ ಪಾತ್ರೆಯಷ್ಟೇ ಇತ್ತು. ಅದರೊಳಗೆ ಗ್ರಾಫಿಕ್ಸ್ ಕಾರ್ಡನ್ನು ತುರುಕುವುದೆಂದರೆ ಬಸುರಿ ಬೆಕ್ಕನ್ನು ಕಿಟಕಿಯ ಸರಳಿನ ನಡುವೆ ನುಸುಳಿಸಿದಂತೆ. ಅತ್ತ ತಳ್ಳಿದರೆ ಇತ್ತ ಬಾಲ. ವೈರುಗಳನ್ನು ಮಡಚಿ ಮಡಚಿ ಮೂಲೆಗೆ ಒತ್ತಿದ. ದೊಡ್ಡ ರೆಕ್ಕೆಯ ಫ್ಯಾನು ನಿಧಾನವಾಗಿ ತಿರುಗಿದರೆ ಗಾಳಿ ಜಾಸ್ತಿ, ಸದ್ದು ಕಮ್ಮಿ ಎಂಬ ಪರಮಸತ್ಯವನ್ನು ಯೂಟ್ಯೂಬಿನಲ್ಲಿ ಸಾಕ್ಷಾತ್ಕರಿಸಿಕೊಂಡಿದ್ದ. ಕೊನೆಗೆ ಪ್ರೊಸೆಸರಿನ ನೆತ್ತಿಗೆ ತಂಪಿನ ಪೇಸ್ಟನ್ನು ತೆಳ್ಳಗೆ ಸವರುತ್ತಿದ್ದಾಗ, ಪಕ್ಕದಲ್ಲಿ ಕೂತು ನೋಡುತ್ತಿದ್ದ ಅಜ್ಜಿ ಪಾಪಕ್ಕ ಕೇಳಿದಳು, "ಸುಣ್ಣ ಆಯ್ತು. ಅಡಿಕೆ ಎಲ್ಲೈತ್ಲಾ?"

ಸ್ವಿಚ್ ಒತ್ತಿದ. ಒಂದು ಚಿಕ್ಕ ಬಿಳಿ ದೀಪ ಹತ್ತಿತು, ಅಷ್ಟೆ.

"ಓಡ್ತಾ ಐತೆ ಅಜ್ಜಿ" ಎಂದ, ಕಣ್ಣಲ್ಲಿ ನೀರೊಂದು ಬಾಕಿ.

ಪಾಪಕ್ಕ ಪೆಟ್ಟಿಗೆಗೆ ಕಿವಿ ಕೊಟ್ಟಳು. ಅಂಗೈ ಇಟ್ಟು ನೋಡಿದಳು. "ಉಸ್ರೇ ಇಲ್ವಲ್ಲಾ. ಪಾಪ, ಯಾವಾಗ ಓಯ್ತು?"

ಆದರೆ ಸಾಧಕರಿಗೆ ಮನೆಯ ಮೆಚ್ಚುಗೆ ಯಾಕೆ ಬೇಕು, ವಾಟ್ಸಾಪ್ ಗ್ರೂಪ್ ಇರುವಾಗ. ಕೆಜಿಎಫ್‌ನ ಕಾಲೇಜಿನಲ್ಲಿ ಅಂಬರೀಶನಿಗೆ ಅಲ್ಲಿಯವರೆಗೂ ಇದ್ದ ಹೆಸರು 'ಹಾಲಣ್ಣ'. ಬೆಳಿಗ್ಗೆ ಡೈರಿಗೆ ಹಾಲು ಹಾಕಿ ಅದೇ ಬೈಕಿನಲ್ಲಿ ಕಾಲೇಜಿಗೆ ಬರುವ ಹುಡುಗನಿಗೆ ಇಂಗ್ಲಿಷ್ ಮೀಡಿಯಂ ಕ್ಲಾಸು ಇನ್ನೇನು ಹೆಸರಿಡುತ್ತದೆ? ಆ ಹೆಸರು ಕೇಳಿದಾಗೆಲ್ಲ ಅವನಿಗೆ ಕ್ಯಾನಿನೊಳಗೆ ಇಳಿದು ಮುಚ್ಚಳ ಹಾಕಿಕೊಳ್ಳಬೇಕು ಅನ್ನಿಸುತ್ತಿತ್ತು. ಈಗ ಕಾಲೇಜು ಫೆಸ್ಟು ಬಂದಿತ್ತು. ಗೇಮಿಂಗ್ ರೂಮಿನ ಉಸ್ತುವಾರಿ ಯಾರಿಗೆ ಅನ್ನುವುದು ಫೆಸ್ಟಿನ ಕಾರ್ಯದರ್ಶಿ ಸಹನಳ ಕೈಯಲ್ಲಿತ್ತು. ರೂಮಿನ ಗೋಡೆಯಾಚೆಗೇ ಸೆಮಿನಾರ್ ಹಾಲ್, ಅಲ್ಲಿ ಪ್ರಿನ್ಸಿಪಾಲರ ಭಾಷಣ. ಸದ್ದಿಲ್ಲದ ಕಂಪ್ಯೂಟರು ಕಟ್ಟಬಲ್ಲವನೇ ಬೇಕು.

ಅಂಬರೀಶ ಪೆಟ್ಟಿಗೆಯ ಫೋಟೋ ಹಾಕಿದ ಮರುಕ್ಷಣ ಚಿರಂಜೀವಿಯ ವಾಯ್ಸ್ ಮೆಸೇಜ್ ಬಂತು. ಕೆಜಿಎಫ್‌ನದೇ ಚಾಂಪಿಯನ್ ರೀಫ್ಸ್ ಬಡಾವಣೆಯ ಈ ಹುಡುಗನ ಹತ್ತಿರ ಬೀರುವಿನಷ್ಟು ಎತ್ತರದ, ಆರ್ಕೆಸ್ಟ್ರಾ ಸ್ಟೇಜಿನಂತೆ ಮಿನುಗುವ ಕಂಪ್ಯೂಟರು ಇತ್ತು. ಉಸ್ತುವಾರಿಯ ಮೇಲೆ ಅವನಿಗೂ ಕಣ್ಣು. "ಮಚ್ಚಾ, ಅಷ್ಟು ಚಿಕ್ಕ ಡಬ್ಬಾಲಿ ಗೇಮ್ ಆಡಿದ್ರೆ ಒಳಗೆ ಇಡ್ಲಿ ಬೆಂದೋಗುತ್ತೆ. ಚಟ್ನಿ ನಾನು ತರ್ತೀನಿ."

ಸಹನ ತೀರ್ಪು ಬರೆದಳು: ಭಾನುವಾರ ಬಂದು ನೋಡ್ತೀವಿ. ಅರ್ಧ ಗಂಟೆ ಗೇಮ್ ಓಡಬೇಕು, ಸದ್ದು ಕೇಳಬಾರದು, ಎಪ್ಪತ್ತು ಡಿಗ್ರಿ ದಾಟಬಾರದು. ಪಾಸಾದರೆ ರೂಮು ನಿನ್ನದು.

ಸಹನ! ನಮ್ಮ ಮನೆಗೆ! ಅಂಬರೀಶ ಆನಂದದಿಂದ ಒಂದು ಸುತ್ತು ತಿರುಗಿ, ಆಮೇಲೆ ತನ್ನ ಮನೆಯನ್ನು ಒಂದು ಸಲ ನೋಡಿ, ನಿಂತುಬಿಟ್ಟ.

ಶುಕ್ರವಾರ ಕಾಲೇಜಿನಿಂದ ಬಂದವನು ನೋಡುತ್ತಾನೆ, ಪೆಟ್ಟಿಗೆಯೇ ಇಲ್ಲ. ಅದು ಇದ್ದ ಜಾಗದಲ್ಲಿ ಒಂದು ಕಂಬಳಿಯ ಗುಡ್ಡೆ. ಕಂಬಳಿ ಎತ್ತಿದ. ಪೆಟ್ಟಿಗೆಯ ನೆತ್ತಿಯ ಮೇಲೆ, ಬಿಸಿಗಾಳಿ ಹೊರಬರಬೇಕಾದ ಜಾಲರಿಯನ್ನು ಪೂರಾ ಮುಚ್ಚಿ, ಒಂದು ಸ್ಟೀಲಿನ ಪಾತ್ರೆ ವಿರಾಜಮಾನವಾಗಿತ್ತು. ಗೇಮೊಂದು ಡೌನ್‌ಲೋಡ್ ಆಗಲೆಂದು ಬೆಳಿಗ್ಗೆಯಿಂದ ಆನ್ ಮಾಡಿಟ್ಟು ಹೋಗಿದ್ದ. ಪಾಪ, ಒಳಗೆ ಅದು ಕುದಿಯುತ್ತಿತ್ತು, ಹೊರಗೆ ಬಾಯಿ ಬಿಡದೆ.

"ಅಜ್ಜೀ."

"ಅಲುಗಾಡಿಸ್ಬೇಡ್ಲಾ, ಈಗ್ತಾನೆ ಎಪ್ಪಾಗ್ತಾ ಐತೆ" ಎಂದು ಪಾಪಕ್ಕ ಓಡಿಬಂದಳು.

"ಇದು ಕಂಪ್ಯೂಟರ್ ಅಜ್ಜಿ."

"ಇರ್ಲಿ. ನಾನೇನ್ ಒಳಕ್ಕೆ ಉಯ್ದಿದ್ದೀನಾ?"

"ಗಾಳಿ ಓಗೋ ದಾರೀಲಿ ಮೊಸರು ಇಕ್ತಾರಾ ಯಾರಾದ್ರೂ?"

"ಮತ್ತೆಲ್ಲಿಕ್ಲಿ? ಮುಂಚೆ ಒಲೆ ಇತ್ತು. ಬೂದಿ ಪಕ್ಕ ಇಕ್ಕಿದ್ರೆ ಚಳಿಗಾಲ್ದಲ್ಲೂ ಕಲ್ಲಂಗಾಗ್ತಿತ್ತು. ನಿಮ್ಮಮ್ಮ ಗ್ಯಾಸ್ ತರಿಸಿದ್ಲು. ಗ್ಯಾಸ್ ಪಕ್ಕ ಏನೈತೆ, ಲೈಟರು." ಪಾಪಕ್ಕ ಪಾತ್ರೆಯ ಮುಚ್ಚಳ ಸರಿಸಿ ತೋರಿಸಿದಳು. ಮೊಸರು ಅಮೃತಶಿಲೆಯಂತೆ ಕೂತಿತ್ತು. "ನೋಡು. ಓದಿದ್ದು ಸಾರ್ಥಕ ಆಯ್ತು ಕಣ್ಲಾ ನೀನು."

ಅಂಬರೀಶ ಬೇಡಿಕೊಂಡ, ಗದರಿದ, ಭಾನುವಾರದ ಮಹತ್ವವನ್ನು ವಿವರಿಸಿದ. ಅಜ್ಜಿ ಅವನ ತಲೆಯ ಮೇಲೆ ಕೈಯಿಟ್ಟು ಆಣೆ ಮಾಡಿದಳು, "ಭಾನ್ವಾರ ನನ್ ಪಾತ್ರೆ ಇದರ ತಾವ ಬರಲ್ಲ."

ಭಾನುವಾರ ಬೆಳಿಗ್ಗೆಯೇ ಊದುಬತ್ತಿಗಳು ಉರಿಯತೊಡಗಿದವು, ಸಗಣಿಯ ವಾಸನೆಯ ವಿರುದ್ಧ. (ಫಲಿತಾಂಶ: ಸಗಣಿ ಪ್ಲಸ್ ಮಲ್ಲಿಗೆ.) ಹಸುಗಳನ್ನು ಹೊಲಕ್ಕೆ ಅಟ್ಟಿದ್ದಾಯಿತು. ಅಮ್ಮ ಮುನಿಲಕ್ಷ್ಮಿ ಅವುಗಳ ಹಿಂದೆ ಹೋದಳು. ಉಳಿದದ್ದು ಇಬ್ಬರು. ಅಪ್ಪ ಆಗತಾನೆ ಪಾಳಿಯಿಂದ ಬಂದು ಮಲಗಿದ್ದರು, ಅವರನ್ನು ಕದಲಿಸುವುದು ಸಾಧ್ಯವಿಲ್ಲ. ಅಜ್ಜಿಯನ್ನು ಕದಲಿಸಬಹುದಿತ್ತು.

"ಅಜ್ಜಿ, ಫ್ರೆಂಡ್ಸ್ ಓಗೋವರ್ಗೂ ಒಸಿ ಇತ್ತಲಲ್ಲಿ ಇರ್ತೀಯಾ?"

ಪಾಪಕ್ಕ ಯಾಕೆ ಅಂತ ಕೇಳಲಿಲ್ಲ. ಹರಿದ ರವಿಕೆಯ ತೋಳನ್ನು ಸೆರಗಿನಿಂದ ಮುಚ್ಚಿಕೊಂಡು, "ಇರ್ತೀನಿ ಬಿಡು" ಎಂದು ಹೋದಳು. ಕೇಳಿದ್ದರೇ ಚೆನ್ನಾಗಿತ್ತು ಎಂದು ಅಂಬರೀಶನಿಗೆ ಅರೆಕ್ಷಣ ಅನ್ನಿಸಿತು. ಅಷ್ಟರಲ್ಲಿ ಬೀದಿಯಲ್ಲಿ ಸ್ಕೂಟರಿನ ಸದ್ದು.

ಸಹನ ಬಂದಳು, ಹಿಂದೆ ಚಿರಂಜೀವಿ. (ನಿಜವಾಗಿಯೂ ಚಟ್ನಿಯ ಡಬ್ಬಿ ತಂದಿದ್ದ.) ಗೇಮು ಶುರುವಾಯಿತು. ಪರದೆಯ ಮೇಲೆ ಬೆಟ್ಟಗಳು ಉರುಳಿದವು, ಸೇತುವೆಗಳು ಸಿಡಿದವು; ಪೆಟ್ಟಿಗೆ ಮಾತ್ರ ತಪಸ್ಸಿಗೆ ಕೂತ ಮುನಿ. ಸಹನ ಕಣ್ಣು ಮುಚ್ಚಿ ಕಿವಿಗೊಟ್ಟಳು.

"ಒಂದು ಥರ ಗೊರ್ ಅಂತ ಬರ್ತಾ ಇದೆಯಲ್ಲ, ಫ್ಯಾನಾ?"

"ಅಲ್ಲ" ಎಂದ ಅಂಬರೀಶ, ಮಂಚದ ಕಡೆ ನೋಡದೆ. "ಅದು ಅಪ್ಪ."

ಚಿರಂಜೀವಿ ಉಷ್ಣಾಂಶವನ್ನೇ ದಿಟ್ಟಿಸುತ್ತಿದ್ದ. ಅರವತ್ತೆರಡು. ಅರವತ್ತಮೂರು. ಅಲ್ಲೇ ನಿಂತಿತು. ಸಹನ ಪೆಟ್ಟಿಗೆಯ ನೆತ್ತಿಗೆ ಕೈಯಿಟ್ಟು, "ಸೂಪರ್ ಅಂಬರೀಶ್, ತಣ್ಣಗಿದೆ" ಎಂದಳು. ಆಮೇಲೆ, "ಮೇಲೆ ಈ ರೌಂಡ್ ಗುರುತು ಏನು?"

ಪಾತ್ರೆಯ ಅಡಿಯ ಬಳೆಯಾಕಾರ, ಒಣಗಿದ ಹಾಲಿನದು.

"ಏರ್ ಫ್ಲೋ ಡಿಸೈನ್" ಎಂದ ಅಂಬರೀಶ. ನಾಲಿಗೆ ತಡವರಿಸಲೂ ಇಲ್ಲ, ನೋಡಿ.

ಅರ್ಧ ಗಂಟೆ ತುಂಬಲು ಇನ್ನು ಸ್ವಲ್ಪವೇ ಉಳಿದಿತ್ತು. ಚಿರಂಜೀವಿ ಚಟ್ನಿ ಡಬ್ಬಿಯನ್ನು ಬ್ಯಾಗಿಗೆ ವಾಪಸ್ ಹಾಕಿಕೊಳ್ಳುತ್ತಿದ್ದ. ಆಗ ಹಿತ್ತಿಲ ಬಾಗಿಲಿನಿಂದ ಪಾಪಕ್ಕ ಬಂದಳು. ಅವಳ ಹಿಂದೆ ಪಕ್ಕದ ಮನೆಯ ನರಸಮ್ಮ. ನರಸಮ್ಮನ ಸೊಂಟದ ಮೇಲೆ, ಮಗುವನ್ನು ಎತ್ತಿಕೊಂಡಂತೆ, ಒಂದು ದೊಡ್ಡ ಪಾತ್ರೆ.

ಅಂಬರೀಶ ಎದ್ದು ನಿಂತ. "ಅಜ್ಜಿ, ಆಣೆ ಇಕ್ಕಿದ್ದೆ ನೀನು."

"ನನ್ ಪಾತ್ರೆ ಬರಲ್ಲ ಅಂದೆ. ಇದು ನರಸಮ್ಮಂದು." ಪಾಪಕ್ಕ ಸಹನಳ ಕಡೆ ತಿರುಗಿ ನಕ್ಕಳು. "ಇವ್ರ ಮಗಳ ಸೀಮಂತ ನಾಳೆ, ತಾಯಿ. ಕುಪ್ಪಂ ಬೀಗರು ಬತ್ತಾರೆ. ಈ ಚಳೀಗೆ ಇಕ್ಕಿದ್ ಆಲೆಲ್ಲ ಆಲಾಗೇ ಕುಂತೈತೆ. ನಾನಂದೆ, ಅಳ್ಬೇಡ ಕಣೆ, ನನ್ ಮೊಮ್ಮಗ ಮೊಸರಿನ ಮಿಷನ್ ಮಾಡವ್ನೆ, ತತ್ತಾ ಅಂತ."

ಸಹನ ಆ ದುಂಡು ಗುರುತನ್ನು ಇನ್ನೊಮ್ಮೆ ನೋಡಿದಳು. ಚಿರಂಜೀವಿ ಮುಖ ಗೋಡೆಗೆ ತಿರುಗಿಸಿಕೊಂಡ. ಬೆನ್ನು ಮಾತ್ರ ಕುಲುಕುತ್ತಿತ್ತು.

ನರಸಮ್ಮ ಪೆಟ್ಟಿಗೆಯನ್ನು ಮುಟ್ಟಿ ನೋಡಿ ಕೈ ಹಿಂದೆಗೆದಳು. "ಇದೇನ್ ಪಾಪಕ್ಕ, ಐಸ್ ಇದ್ದಂಗೈತೆ."

ನ್ಯಾಯವಾಗಿ ಅಂಬರೀಶ ಕುಣಿಯಬೇಕಿತ್ತು. ಇದಕ್ಕಿಂತ ನಿಷ್ಪಕ್ಷಪಾತವಾದ ಸರ್ಟಿಫಿಕೇಟು ಯಾವ ಲ್ಯಾಬಿನಿಂದಲೂ ಸಿಗುತ್ತಿರಲಿಲ್ಲ.

"ಚಿಕ್ಕದೂ ಆಯ್ತು" ಎಂದು ನರಸಮ್ಮ ಪಾತ್ರೆಯನ್ನು ಇಳಿಸಿ ಅಳತೆ ನೋಡಿದಳು. "ಅರ್ದ ಪಾತ್ರೆ ಒರಗೇ ಓಯ್ತದೆ. ಓಗ್ಲಿ, ಆಯ್ತು ಅಂತ ಎಂಗೆ ಗೊತ್ತಾಗೋದು? ಕುಕ್ಕರಾದ್ರೆ ಕೂಗ್ತದೆ. ಇದು ಉಸಿರೇ ಬಿಡಲ್ವಲ್ಲ."

ಪುಟ್ಟದು, ತಣ್ಣನೆಯದು, ಸದ್ದಿಲ್ಲದ್ದು. ಅಂಬರೀಶನ ಅಷ್ಟೂ ತಪಸ್ಸು ಒಂದೇ ಉಸಿರಿನಲ್ಲಿ ದೋಷಗಳ ಪಟ್ಟಿಯಾಗಿತ್ತು.

ಪಾಪಕ್ಕನ ಮುಖ ಬಾಡಿತು. ಆದರೂ ಬಿಡಲಿಲ್ಲ. "ಒಸಿ ತಡಿಯೇ, ಕಾಯ್ತದೆ. ಅಂಬರೀಸ, ಬಿಸಿ ಮಾಡ್ಲಾ."

ಸಹನ ಅವನನ್ನೇ ನೋಡುತ್ತಿದ್ದಳು. ಕಾಲೇಜಿನ ಆ ಹಳೆಯ ಹೆಸರು ಬಾಗಿಲಲ್ಲಿ ನಿಂತು ಒಳಗೆ ಬರಲೇ ಎಂದು ಕೇಳುತ್ತಿದ್ದಂತೆ ಅವನಿಗೆ ಭಾಸವಾಯಿತು. ಆಗ ಅವನು ಮಾಡಬಾರದ್ದನ್ನು ಮಾಡಿದ. ಇಂಗ್ಲಿಷಿನಲ್ಲಿ ಹೇಳಿದ. ಪ್ಲೀಸ್ ಡೋಂಟ್ ಮೈಂಡ್, ಶಿ ಈಸ್ ಅನೆಜುಕೇಟೆಡ್, ಜಸ್ಟ್ ಇಗ್ನೋರ್ ಹರ್. ನಗುತ್ತಲೇ ಹೇಳಿದ.

ಯಾರೂ ನಗಲಿಲ್ಲ. ಅಪ್ಪನ ಗೊರಕೆ ಕೂಡ ಅದೇ ಹೊತ್ತಿಗೆ ನಿಂತಿತು.

ಪಾಪಕ್ಕ ಸೆರಗು ಸರಿಮಾಡಿಕೊಂಡಳು. "ಚಿಕ್ಕೋಳಿದ್ದಾಗ ಉರಿಗಾಂನಲ್ಲಿ ಚಿನ್ನದ ಗಣಿ ಆಫೀಸರ್ ಬಂಗ್ಲೇಲಿ ಕೆಲ್ಸಕ್ಕಿದ್ದೆ. ಅಲ್ಲಿ ಅಮ್ಮಾವ್ರು ನಾಯೀನ ಕೂಡ ಇಂಗ್ಲೀಸಲ್ಲೇ ಬಯ್ತಿದ್ರು. ನಂಗೂ ಒಸಿ ಅರ್ತ ಆಯ್ತದೆ ಕಣಪ್ಪ."

ಹುಟ್ಟಿದಾಗಿನಿಂದ 'ಲಾ' ಎಂದೇ ಕರೆದವಳು 'ಅಪ್ಪ' ಎಂದಿದ್ದಳು, ಬ್ಯಾಂಕಿನ ಗುಮಾಸ್ತನನ್ನು ಕರೆದಂತೆ. ಅಂಬರೀಶನ ಕಿವಿಗಳು ಎಷ್ಟು ಕಾದವೆಂದರೆ ಪಾತ್ರೆಯನ್ನು ಅಲ್ಲೇ ಇಟ್ಟಿದ್ದರೂ ಮೊಸರಾಗುತ್ತಿತ್ತು.

"ನಡಿಯೇ ನರಸಮ್ಮ" ಎಂದು ಪಾಪಕ್ಕ ತಿರುಗಿದಳು.

"ಇರು ಅಜ್ಜಿ."

ಅವನು ಕೂತ. ಮೌಸು ಹಿಡಿದ. ಫ್ಯಾನುಗಳ ವೇಗದ ಗೆರೆ ಪರದೆಯ ಮೇಲಿತ್ತು. ವಾರಗಟ್ಟಲೆ ತಿದ್ದಿ ತೀಡಿದ ಗೆರೆ. ಅದನ್ನು ಹಿಡಿದು ನೆಲಕ್ಕೆ ಎಳೆದು ಫ್ಯಾನುಗಳನ್ನೇ ನಿಲ್ಲಿಸಿಬಿಟ್ಟ. ಗೇಮಿನ ಎಲ್ಲ ಸೆಟ್ಟಿಂಗುಗಳನ್ನು ತುದಿಗೇರಿಸಿದ. ನರಸಮ್ಮನ ಕೈಯಿಂದ ಪಾತ್ರೆ ತೆಗೆದುಕೊಂಡು, ತಾನೇ, ಜಾಲರಿಯ ಮೇಲೆ ಇಟ್ಟ. ಸುತ್ತಲೂ ಕಂಬಳಿ ಹೊದಿಸಿದ.

"ಈಗೇನ್ ಮಾಡ್ಬೇಕು?" ನರಸಮ್ಮ ಕೇಳಿದಳು.

"ಆಟ ಆಡ್ಬೇಕು" ಎಂದಳು ಪಾಪಕ್ಕ, ಇನ್ನೂ ಬಾಗಿಲಲ್ಲೇ ನಿಂತು.

"ಆಟ ಆಡಿದ್ರೆ ಮೊಸರಾಯ್ತದಾ?"

"ಜೋರಾಗಿ ಆಡ್ಬೇಕು."

ಅಂಬರೀಶ ಜೋರಾಗಿ ಆಡಿದ. ಚಿರಂಜೀವಿ ಕೆಜಿಎಫ್ ಬಸ್ಸಿನ ಕಂಡಕ್ಟರು ಸ್ಟಾಪು ಕೂಗುವಂತೆ ಕೂಗತೊಡಗಿದ, "ಅರವತ್ತೆಂಟು. ಎಪ್ಪತ್ತು. ಎಪ್ಪತ್ತೈದು, ಮಚ್ಚಾ. ಎಂಬತ್ತು, ಯಾರಾದ್ರೂ ಇಳಿಯೋರು ಇದ್ದೀರಾ?" ಬಿಸಿ ಏರಿದಂತೆ ಪರದೆಯ ಮೇಲೆ ಸೇನೆ ಬಸವನಹುಳುವಿನಂತೆ ತೆವಳಿತು. ಅಂಬರೀಶನ ಯೋಧ ಸತ್ತ, ಎದ್ದ, ಮತ್ತೆ ಸತ್ತ. ನರಸಮ್ಮ ಕಂಬಳಿಯೊಳಗೆ ಕೈ ತೂರಿಸಿ, "ಬಾಗುಂದಿ, ಬೆಚ್ಚಗಾಗ್ತಾ ಐತೆ, ನಿಲ್ಲಿಸ್ಬೇಡ" ಎಂದು ತೆಲುಗು ಬೆರೆಸಿ ಹುರಿದುಂಬಿಸಿದಳು.

ಮಂಚದ ಮೇಲೆ ಅಪ್ಪ ಒಂದು ಕಣ್ಣು ತೆರೆದರು. ಕಂಬಳಿ ಹೊದ್ದ ಕಂಪ್ಯೂಟರು, ಸುತ್ತ ನಿಂತ ಹೆಂಗಸರು, ಬೆವರು ಸುರಿಸುತ್ತಿರುವ ಮಗ. ಆ ಕಣ್ಣನ್ನು ಮತ್ತೆ ಮುಚ್ಚಿಕೊಂಡರು.

ಸಹನ ಬ್ಯಾಗು ಹೆಗಲಿಗೇರಿಸಿದಳು. "ಎಪ್ಪತ್ತು ದಾಟಿತು ಅಂಬರೀಶ್. ಗೇಮಿಂಗ್ ರೂಮು ಚಿರಂಜೀವಿಗೆ." ಅವಳ ದನಿಯಲ್ಲಿ ಸಿಟ್ಟಿತ್ತು, ಆದರೆ ಅದು ಉಷ್ಣಾಂಶದ ಮೇಲಿನ ಸಿಟ್ಟಲ್ಲವೆಂದು ಅವನಿಗೂ ಗೊತ್ತಾಯಿತು. ತಲೆ ಎತ್ತಲಿಲ್ಲ. ಹೊರಟವಳು ಪಾಪಕ್ಕನ ಹತ್ತಿರ ನಿಂತಳು. "ಅಜ್ಜಿ, ನಮ್ಮ ಫೆಸ್ಟಲ್ಲಿ ಊಟದ ಸ್ಟಾಲಿಗೆ ಯಾರೂ ಸಿಕ್ಕಿಲ್ಲ. ಇವನ ಕೈಲಿ ಮೊಸರನ್ನ ಮಾಡಿಸಿ ಕಳಿಸ್ತೀರಾ?"

ಪಾಪಕ್ಕ ಮೊಮ್ಮಗನನ್ನು ಮೇಲಿಂದ ಕೆಳಗೆ ನೋಡಿದಳು. ಆ ನೋಟದಲ್ಲಿ ಸಿಟ್ಟಿನ ಜೊತೆ ಕರುಣೆಯೂ ಒಂದಿಷ್ಟು ಸೇರಿತ್ತು.

"ಸ್ಟಾಲಲ್ಲಿ ನಿಂತ್ಕೊಂತಾನೆ ಬಿಡು ತಾಯಿ, ಬಡಿಸ್ತಾನೆ. ಅನ್ನ ಕಲಸೋದು, ಒಗ್ಗರಣೆ ಆಕೋದು ನಾನೇ ಬಂದ್ ಮಾಡ್ತೀನಿ" ಎಂದಳು. "ಅವನ ಕೈಲಿ ಅದೆಲ್ಲ ಆಗಲ್ಲ. ಪಾಪ, ಎಜುಕೇಟೆಡ್ಡು."